ಸಿಹಿ-ಹುಳಿ ಮೀನಿಗೆ ಪುನರ್ಪುಳಿಯ ರುಚಿ

ಬೇಸಿಗೆ ರಜೆಯ ಒಂದು ಸೋಮವಾರ ನಿವೃತ್ತ ಶಿಕ್ಷಕರೊಬ್ಬರು ಕ್ಲಿನಿಕ್ಕಿಗೆ ಬಂದರು. ಹನ್ನೆರಡು ವರ್ಷಗಳಿಂದ ಮಧುಮೇಹ, ಜೊತೆಗೆ ರಕ್ತದೊತ್ತಡ. ಮಾತ್ರೆ ತಪ್ಪಿಸುವವರಲ್ಲ, ಬೆಳಗಿನ ನಡಿಗೆ ಬಿಡುವವರಲ್ಲ. ಆದರೂ ಅಂದು ಬರಿಹೊಟ್ಟೆಯಲ್ಲಿ ಸಕ್ಕರೆ ಅಂಶ 190 ದಾಟಿತ್ತು. ರಕ್ತದೊತ್ತಡ 170/100 ಇತ್ತು.

"ಏನು ಮಾಷ್ಟ್ರೇ, ಊಟದಲ್ಲಿ ಏನಾದರೂ ಬದಲಾವಣೆಯೇ?" ಎಂದು ಕೇಳಿದೆ.

"ಏನೂ ಇಲ್ಲ ಡಾಕ್ಟ್ರೇ, ಅನ್ನವನ್ನೂ ಕಡಿಮೆ ಮಾಡಿದ್ದೇನೆ. ನಿನ್ನೆ ಬರೀ ಮೀನು ತಿಂದದ್ದು."

ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿಗೆ ನಗು ತಡೆಯಲಾಗಲಿಲ್ಲ. "ಯಾವ ಮೀನು ಅಂತಲೂ ಹೇಳಿ" ಎಂದರು.

ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗಳು ಹೋಟೆಲಿನ 'ಸ್ವೀಟ್ ಅಂಡ್ ಸೋರ್ ಫಿಶ್' ಅನ್ನು ಮನೆಯಲ್ಲೇ ಮಾಡಲು ಕಲಿತಿದ್ದಳು. ಮೂರು ವಾರಗಳಲ್ಲಿ ಆರು ಬಾರಿ ಆಗಿತ್ತು. ಅಜ್ಜನಿಗೆ ಬಲು ಇಷ್ಟ. ರಾತ್ರಿ ಉಳಿದದ್ದು ಬೆಳಗ್ಗೆ ದೋಸೆಗೂ ಆಗುತ್ತಿತ್ತು. ಮೀನು ಮಧುಮೇಹಿಗಳಿಗೆ ಒಳ್ಳೆಯದೆಂದು ನಾನೇ ಹೇಳಿದ್ದೆನಾದ್ದರಿಂದ ಅವರ ಮನಸ್ಸಿನಲ್ಲಿ ಸಂಶಯವೇ ಇರಲಿಲ್ಲ.

ಹುರಿದ ಮೀನಿನ ಮೇಲೆ ಸಕ್ಕರೆ ಮತ್ತು ವಿನೆಗರಿನ ರಸ ಸುರಿಯುವ ಪದ್ಧತಿ ಚೀನಾದ್ದು. ಶಾನ್‌ಡಾಂಗ್ ಪ್ರಾಂತದಲ್ಲಿ ಹಳದಿ ನದಿಯ ಕಾರ್ಪ್ ಮೀನನ್ನು ಹೀಗೆ ಮಾಡುತ್ತಾರೆ. ಅಲ್ಲಿಂದ ನಮ್ಮ ಹೋಟೆಲುಗಳಿಗೆ ಬರುವಷ್ಟರಲ್ಲಿ ಅದಕ್ಕೆ ಟೊಮೆಟೊ ಕೆಚಪ್, ದಪ್ಪ ಮೈದಾ ಹಿಟ್ಟು ಮತ್ತು ಕಣ್ಣು ಕುಕ್ಕುವ ಕೆಂಪು ಬಣ್ಣ ಸೇರಿಕೊಂಡವು. ಮೀನಿನ ತಪ್ಪು ಇದರಲ್ಲಿ ಏನೂ ಇಲ್ಲ.

ಮಾಷ್ಟ್ರ ಪತ್ನಿಯಿಂದ ಅಳತೆ ಕೇಳಿ ಚೀಟಿಯ ಮೇಲೆ ಲೆಕ್ಕ ಹಾಕಿದೆ. ನಾಲ್ಕು ಜನರ ಅಡುಗೆಗೆ ಅರ್ಧ ಕಪ್ ಕೆಚಪ್, ನಾಲ್ಕು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಸೋಯಾ ಸಾಸ್, ಮೀನಿಗೆ ಒಂದು ಚಹಾ ಚಮಚ ಉಪ್ಪು. ಕೆಚಪ್ಪಿನ ಒಂದು ದೊಡ್ಡ ಚಮಚದಲ್ಲೇ ಸುಮಾರು 4 ಗ್ರಾಂ ಸಕ್ಕರೆ ಇರುತ್ತದೆ. ಎಲ್ಲ ಕೂಡಿಸಿದರೆ 75 ಗ್ರಾಮಿಗೂ ಹೆಚ್ಚು ಸಕ್ಕರೆ. ತಲಾ ಸುಮಾರು ಐದು ಚಹಾ ಚಮಚ. ಸೋಯಾ ಸಾಸಿನ ಒಂದು ದೊಡ್ಡ ಚಮಚದಲ್ಲಿ ಎರಡು ಗ್ರಾಮಿಗೂ ಮೀರಿ ಉಪ್ಪಿದೆ. ಹೀಗಾಗಿ ಒಬ್ಬೊಬ್ಬರ ತಟ್ಟೆಗೆ ಸುಮಾರು 3 ಗ್ರಾಂ ಉಪ್ಪು ಬೀಳುತ್ತಿತ್ತು. ಇಡೀ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾಷ್ಟ್ರು ಚೀಟಿಯನ್ನು ಎರಡು ಸಲ ಓದಿ, "ಹಾಗಾದರೆ ನಾನು ಚಹಾಕ್ಕೆ ಸಕ್ಕರೆ ಬಿಟ್ಟದ್ದು ದಂಡ" ಎಂದರು.

ಅವರಿಗೆ ಆ ತಿಂಡಿಯನ್ನೇ ನಿಷೇಧಿಸುವುದು ಸುಲಭವಿತ್ತು. ಆದರೆ ಮೊಮ್ಮಗಳು ಪ್ರೀತಿಯಿಂದ ಮಾಡಿದ್ದನ್ನು ವೈದ್ಯ ಬೇಡವೆಂದರೆ ಯಾವ ಅಜ್ಜನೂ ಕೇಳುವುದಿಲ್ಲ ಎಂಬುದು ನನ್ನ ಅನುಭವ. ಅದಕ್ಕೆ ಬದಲಾಗಿ ಅಡುಗೆಯನ್ನೇ ಸ್ವಲ್ಪ ತಿದ್ದಿದೆವು. ಅದರ ಯೋಚನೆ ಹೆಚ್ಚಾಗಿ ಅಜ್ಜಿಯದ್ದೇ.

ಹುಳಿಗೆ ವಿನೆಗರ್ ಮತ್ತು ಕೆಚಪ್ಪಿನ ಬದಲು ಪುನರ್ಪುಳಿ. ಎಂಟು ಹತ್ತು ಒಣ ಸಿಪ್ಪೆಗಳನ್ನು ಒಂದು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಕಿವುಚಿದರೆ ದಟ್ಟ ಕೆಂಪು ರಸ ಬರುತ್ತದೆ. ಬಣ್ಣದ ಡಬ್ಬಿಗೆ ಕೈಹಾಕಬೇಕಾಗಿಲ್ಲ. ಕರ್ನಾಟಕ ಸರ್ಕಾರ 2024ರ ಜೂನ್ ತಿಂಗಳಲ್ಲಿ ಮೀನು, ಕೋಳಿ ಮತ್ತು ಸಸ್ಯಾಹಾರಿ ಕಬಾಬ್‌ಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ಓದುಗರಿಗೆ ನೆನಪಿರಬಹುದು. ಮನೆಯ ಅಡುಗೆಗೂ ಅದೇ ನಿಯಮ ಇರಲಿ. ಸಿಪ್ಪೆಯನ್ನು ಕೆಲವೆಡೆ ಉಪ್ಪು ಹಾಕಿ ಒಣಗಿಸಿರುತ್ತಾರೆ. ಆದ್ದರಿಂದ ರಸದ ರುಚಿ ನೋಡದೆ ಉಪ್ಪು ಹಾಕಬೇಡಿ. ಪುನರ್ಪುಳಿ ಸಿಗದ ಊರಿನಲ್ಲಿ ಹುಣಸೆಹುಳಿ ಸಾಕು.

ಸಿಹಿಗೆ ಒಂದು ಕಪ್ ಅನಾನಸು ಹೋಳು ಮತ್ತು ಅಡಿಕೆ ಗಾತ್ರದ ಬೆಲ್ಲ. ಬೆಲ್ಲವೆಂದರೆ ಔಷಧವೆಂದು ತಿಳಿದವರಿದ್ದಾರೆ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ. ಇಲ್ಲಿ ಲಾಭವಿರುವುದು ಪ್ರಮಾಣ ಕಡಿಮೆ ಇರುವುದರಲ್ಲಿ, ಬೆಲ್ಲದಲ್ಲಲ್ಲ.

ಕಾವಲಿಯಲ್ಲಿ ಒಂದು ಚಮಚ ಎಣ್ಣೆಗೆ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ದಪ್ಪಗೆ ಹೆಚ್ಚಿದ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹಾಕಿ ಎರಡು ನಿಮಿಷ ಬಾಡಿಸಿ. ಹುಳಿ ರಸವನ್ನು ಮಾತ್ರ ಸ್ಟೀಲಿನ ಅಥವಾ ಮಣ್ಣಿನ ಪಾತ್ರೆಯಲ್ಲಿ ಕುದಿಸುವುದು ಒಳಿತು, ಅಲ್ಯುಮಿನಿಯಂ ಬೇಡ. ಅನಾನಸು, ಬೆಲ್ಲ ಸೇರಿಸಿ, ಒಂದು ಚಹಾ ಚಮಚ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹಾಕಿ, ದಪ್ಪಗಾದ ಮೇಲೆ ಬಾಡಿಸಿದ ತರಕಾರಿಯನ್ನು ಬೆರೆಸಿ. ಉಪ್ಪು ಮೀನಿಗೂ ರಸಕ್ಕೂ ಸೇರಿ ಮುಕ್ಕಾಲು ಚಹಾ ಚಮಚ ದಾಟದಿರಲಿ. ಅಜಿನೊಮೊಟೊ ಬಗ್ಗೆ ಕೇಳುವವರು ಬಹಳ. ಅದರ ಬಗೆಗಿನ ಭಯ ವಾಸ್ತವಕ್ಕಿಂತ ದೊಡ್ಡದು. ಆದರೆ ಅದರಲ್ಲಿಯೂ ಸೋಡಿಯಂ ಇದೆ, ಪುನರ್ಪುಳಿ ಇರುವಲ್ಲಿ ಅದರ ಅಗತ್ಯವೂ ಇಲ್ಲ.

ಮೀನನ್ನು ಮೈದಾದಲ್ಲಿ ಅದ್ದಿ ಎಣ್ಣೆಯಲ್ಲಿ ಮುಳುಗಿಸಿದರೆ ಎಣ್ಣೆ ಕುಡಿಯುವುದು ಹಿಟ್ಟು. ಅರಸಿನ, ಮೆಣಸಿನ ಪುಡಿ, ಸ್ವಲ್ಪ ಉಪ್ಪು ಹಚ್ಚಿ, ಮೇಲೆ ತೆಳ್ಳಗೆ ಅಕ್ಕಿಹಿಟ್ಟು ಉದುರಿಸಿ, ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಕಾವಲಿಯ ಮೇಲೆ ಕಾಯಿಸಿದರೂ ಗರಿಗರಿಯಾಗುತ್ತದೆ. ರಸವನ್ನು ಬಡಿಸುವ ಹೊತ್ತಿಗೆ ಮಾತ್ರ ಹಾಕಬೇಕು. ಅಂಜಲ್ ಹೋಳು ಚೆನ್ನ. ಕಿಸೆಗೆ ಭಾರವೆನಿಸಿದರೆ ಬಂಗುಡೆ. ಹೃದಯಕ್ಕೆ ಬೇಕಾದ ಒಮೆಗಾ-3 ಕೊಬ್ಬು ಬಂಗುಡೆಯಲ್ಲಿ ಯಥೇಚ್ಛವಾಗಿದೆ. ಒಳನಾಡಿನವರಿಗೆ ಕಾಟ್ಲಾ, ರೋಹು ಆದೀತು. ಚಿಕ್ಕ ಮಕ್ಕಳಿಗೆ ಮುಳ್ಳು ಬಿಡಿಸಿಯೇ ಕೊಡಬೇಕು.

ಇನ್ನೊಂದು ವಿಷಯವನ್ನು ಗೃಹಿಣಿಯರು ಗಮನವಿಟ್ಟು ಓದಬೇಕು. ಹುಳಿ, ಸಿಹಿ, ಖಾರ ಮೂರೂ ಸೇರಿದರೆ ಹಳಸಿದ ಮೀನಿನ ವಾಸನೆ ನಾಲಿಗೆಗೆ ತಿಳಿಯುವುದಿಲ್ಲ. ಬಂಗುಡೆ, ಭೂತಾಯಿ, ಟ್ಯೂನಾ ಮೀನುಗಳನ್ನು ಮಂಜುಗಡ್ಡೆಯಿಲ್ಲದೆ ಕೆಲ ಗಂಟೆ ಇಟ್ಟರೆ ಅವುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಉತ್ಪತ್ತಿ ಮಾಡುತ್ತವೆ. ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ತಿಂದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುತ್ತದೆ. ತಲೆನೋವು, ತುರಿಕೆ, ದದ್ದು, ಎದೆಬಡಿತ ಕಾಣಿಸುತ್ತವೆ. ಕಳೆದ ಮಳೆಗಾಲದಲ್ಲಿ ಒಂದೇ ಮನೆಯ ಮೂವರು ಹೀಗೆ ನನ್ನಲ್ಲಿಗೆ ಬಂದಿದ್ದರು. ಮೂವರೂ ತಮಗೆ 'ಮೀನಿನ ಅಲರ್ಜಿ' ಎಂದೇ ನಂಬಿದ್ದರು. ಒಂದೇ ದಿನ ಮೂವರಿಗೆ ಅಲರ್ಜಿ ಹುಟ್ಟುವುದು ಅಪರೂಪ. ಮಧ್ಯಾಹ್ನ ಕೊಂಡ ಬಂಗುಡೆ ರಾತ್ರಿಯವರೆಗೆ ಚೀಲದಲ್ಲೇ ಇತ್ತಂತೆ. ಸಾಮಾನ್ಯವಾಗಿ ಇದು ಒಂದು ದಿನದೊಳಗೆ ಶಮನವಾಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಅಥವಾ ತಲೆಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕ್ಷಯರೋಗಕ್ಕೆ ಐಸೋನಿಯಜಿಡ್ ಮಾತ್ರೆ ಸೇವಿಸುವವರಲ್ಲಿ ಇದು ಹೆಚ್ಚು ತೀವ್ರವಾಗಿ ಕಾಣಿಸಿಕೊಳ್ಳಬಹುದು.

ಕೊಳ್ಳುವಾಗ ಕಣ್ಣು ಹೊಳೆಯುತ್ತಿದೆಯೇ, ಕಿವಿರು ಕೆಂಪಗಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ತುಂಬಿಕೊಳ್ಳುತ್ತದೆಯೇ ನೋಡಿ. ಮನೆಗೆ ತರುವಾಗ ನಾಲ್ಕು ತುಂಡು ಮಂಜುಗಡ್ಡೆ ಕೇಳಿ ಪಡೆಯಲು ಸಂಕೋಚ ಬೇಡ.

ಮಾಷ್ಟ್ರು ಮೂರು ತಿಂಗಳ ಬಳಿಕ ಬಂದಾಗ ಸಕ್ಕರೆಯೂ ರಕ್ತದೊತ್ತಡವೂ ಹತೋಟಿಯಲ್ಲಿದ್ದವು. ಮೀನು ಈಗ ಹದಿನೈದು ದಿನಕ್ಕೊಮ್ಮೆ ಆಗುತ್ತದಂತೆ. ಮೊಮ್ಮಗಳು ಫೋನಿನಲ್ಲಿ, ಪುನರ್ಪುಳಿ ಮುಗಿದರೆ ಹಿತ್ತಿಲಿನ ಬಿಂಬುಳಿ ಹಾಕಬಹುದೇ ಎಂದು ಕೇಳಿದ್ದಳು. ಅಡುಗೆಗೆ ಒಂದೆರಡು ಕಾಯಿ ಹಾಕಲು ಅಡ್ಡಿಯಿಲ್ಲ ಎಂದೆ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿಯ ರಸ ಹಿಂಡಿ ಕುಡಿಯುವವರಿದ್ದಾರೆ. ಅದರಲ್ಲಿ ಆಕ್ಸಲೇಟ್ ಅಂಶ ಬಹಳ. ಹೀಗೆ ಕುಡಿದು ಮೂತ್ರಪಿಂಡ ಕೆಟ್ಟ ರೋಗಿಗಳ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಮೂತ್ರಪಿಂಡದ ತೊಂದರೆ ಇದ್ದವರು ಬಿಂಬುಳಿಯನ್ನು ಅಡುಗೆಯಲ್ಲೂ ಬಳಸದಿರುವುದು ಲೇಸು.