ಸೆಮರಾಂಗ್: ದಾರಿಹೋಕರ ಊರಿನ ತಿನಿಸು, ತಿನಿಸಿನ ವ್ಯಾಪಾರ

ಇಂಡೊನೇಷ್ಯಾಕ್ಕೆ ವ್ಯಾಪಾರ ನಿಮಿತ್ತ ತೆರಳುವವರು ಸಾಮಾನ್ಯವಾಗಿ ಜಕಾರ್ತಾ ಅಥವಾ ಸುರಬಾಯಾ ನಗರದಲ್ಲಿ ಕೆಲಸ ಮುಗಿಸುತ್ತಾರೆ. ವಿಹಾರಾರ್ಥವಾಗಿ ಹೋಗುವವರು ಬಾಲಿ ದ್ವೀಪವನ್ನೋ ಬೊರೊಬುದುರ್ ಸ್ತೂಪವನ್ನೋ ಕಂಡು ಮರಳುತ್ತಾರೆ. ಜಾವಾ ದ್ವೀಪದ ಉತ್ತರ ಕರಾವಳಿಯ ಮಧ್ಯದಲ್ಲಿರುವ ಸೆಮರಾಂಗ್ ನಗರ ಇವರಲ್ಲಿ ಬಹುಮಂದಿಗೆ ವಾಹನ ಬದಲಿಸುವ ಸ್ಥಳ ಮಾತ್ರ. ಮಧ್ಯ ಜಾವಾ ಪ್ರಾಂತ್ಯದ ರಾಜಧಾನಿಯಾಗಿ, ಹದಿನಾರು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯನ್ನೂ ತಾಂಜುಂಗ್ ಎಮಾಸ್ ಎಂಬ ದೊಡ್ಡ ಬಂದರನ್ನೂ ಹೊಂದಿದ್ದರೂ ಈ ನಗರ ಪ್ರವಾಸಿಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಆದರೆ ಆಹಾರೋದ್ಯಮದಲ್ಲಿ ತೊಡಗಿರುವವರು ಒಂದೆರಡು ದಿನ ಉಳಿದು ನೋಡತಕ್ಕ ಊರಿದು. ಜನ ಇಲ್ಲಿ ತಂಗುವುದಿಲ್ಲ, ಹಾದುಹೋಗುತ್ತಾರೆ ಎಂಬ ಕೊರತೆಯನ್ನೇ ಇಲ್ಲಿನ ತಿನಿಸು ತಯಾರಕರು ಬಂಡವಾಳ ಮಾಡಿಕೊಂಡರು. ಹಾದುಹೋಗುವವನು ಏನನ್ನು ಹೊತ್ತೊಯ್ಯಬಲ್ಲ, ಅದು ಎಷ್ಟು ದಿನ ಕೆಡದೆ ಇರಬೇಕು, ಅವನ ಮನೆಯವರು ಅದನ್ನು ತಿನ್ನಬಲ್ಲರೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಲೇ ಅವರು ತಮ್ಮ ಅಡುಗೆಮನೆಯ ಪದಾರ್ಥಗಳನ್ನು ಮಾರುಕಟ್ಟೆಯ ಸರಕಾಗಿ ಬೆಳೆಸಿದರು.

ಊರಿಗೊಯ್ಯುವ ಬುತ್ತಿ

ಪ್ರವಾಸದಿಂದ ಮರಳುವವರು ಮನೆಯವರಿಗೆ, ನೆರೆಯವರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ ತಿನಿಸು ತರುವ ಪದ್ಧತಿ ಇಂಡೊನೇಷ್ಯಾದಲ್ಲಿ ಬಲವಾಗಿ ಬೇರೂರಿದೆ. ಇದಕ್ಕೆ ‘ಓಲೆ-ಓಲೆ’ ಎಂದು ಹೆಸರು. ಬರಿಗೈಯಲ್ಲಿ ಮರಳುವುದು ಮರ್ಯಾದೆಯಲ್ಲ ಎಂಬ ಭಾವನೆ ಜನರಲ್ಲಿದೆ. ಸೆಮರಾಂಗಿನ ಪಂಡನಾರನ್ ರಸ್ತೆಯ ಅಂಗಡಿಸಾಲು ಬಹುಪಾಲು ಈ ಪದ್ಧತಿಯ ಆಧಾರದ ಮೇಲೆಯೇ ನಿಂತಿದೆ.

ಇಲ್ಲಿ ದೊರೆಯುವ ಪದಾರ್ಥಗಳಲ್ಲಿ ಅಗ್ರಸ್ಥಾನ ಲುಂಪಿಯಾಕ್ಕೆ ಸಲ್ಲುತ್ತದೆ. ಗೋಧಿಹಿಟ್ಟಿನ ತೆಳುವಾದ ಹಾಳೆಯಲ್ಲಿ ಸಣ್ಣಗೆ ಹೆಚ್ಚಿ ಬೇಯಿಸಿದ ಎಳೆಬಿದಿರು, ಮೊಟ್ಟೆ, ಸೀಗಡಿ ಅಥವಾ ಕೋಳಿಮಾಂಸವನ್ನು ತುಂಬಿ ಸುರುಳಿ ಸುತ್ತಲಾಗುತ್ತದೆ. ಕರಿದದ್ದು, ಕರಿಯದೆ ಹಸಿಯಾಗಿ ಬಡಿಸುವುದು ಎಂದು ಇದರಲ್ಲಿ ಎರಡು ಬಗೆಗಳಿವೆ. ತಾಳೆಬೆಲ್ಲ ಹಾಗೂ ಬೆಳ್ಳುಳ್ಳಿಯ ಗಟ್ಟಿ ಗೊಜ್ಜು, ಸೌತೆಕಾಯಿಯ ಉಪ್ಪಿನಕಾಯಿ, ಹಸಿಮೆಣಸಿನಕಾಯಿ ಇದರೊಡನೆ ಬರುತ್ತವೆ. ಮಲೆನಾಡಿನವರು ಕಳಲೆಯೆಂದೂ ಕರಾವಳಿಯವರು ಕಣಿಲೆಯೆಂದೂ ಕರೆಯುವ ಎಳೆಬಿದಿರನ್ನು ಬಲ್ಲವರಿಗೆ ಇದರ ಹದ ಕೂಡಲೇ ತಿಳಿಯುತ್ತದೆ. ಎಳೆಬಿದಿರಿನ ಕಟುವಾಸನೆಯನ್ನು ತೆಗೆಯುವುದರಲ್ಲಿಯೇ ತಯಾರಕನ ಕೈಚಳಕವಿದೆ. ವಾಸನೆ ಉಳಿದರೆ ಗಿರಾಕಿ ಎರಡನೆಯ ಬಾರಿ ಬರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದ ಫುಜಿಯಾನ್ ಪ್ರಾಂತ್ಯದಿಂದ ಬಂದ ಒಬ್ಬ ವ್ಯಾಪಾರಿ ಹಂದಿಮಾಂಸ ಹಾಗೂ ಎಳೆಬಿದಿರಿನ ತಿನಿಸನ್ನು ಮಾರುತ್ತಿದ್ದನೆಂದೂ, ಅದೇ ಬೀದಿಯಲ್ಲಿ ಪೈಪೋಟಿಗಿದ್ದ ಜಾವಾ ಮಹಿಳೆಯನ್ನು ಅವನು ವಿವಾಹವಾದನೆಂದೂ, ಎರಡು ಅಂಗಡಿಗಳ ರುಚಿ ಒಂದಾಗಿ ಇಂದಿನ ಲುಂಪಿಯಾ ಹುಟ್ಟಿತೆಂದೂ ನಗರದಲ್ಲಿ ಕಥೆಯಿದೆ. ಕಥೆಯಲ್ಲಿ ಅಲಂಕಾರ ಎಷ್ಟೇ ಇರಲಿ, ಅದರ ವ್ಯಾಪಾರನೀತಿ ಮಾತ್ರ ಸ್ಪಷ್ಟವಾಗಿದೆ. ಬಹುಸಂಖ್ಯಾತ ಮುಸ್ಲಿಂ ಗಿರಾಕಿಗಳು ತಿನ್ನಲಾಗದ ಪದಾರ್ಥವನ್ನು ಬಿಟ್ಟು, ತಿನ್ನಬಲ್ಲದ್ದನ್ನು ಸೇರಿಸಿದ್ದರಿಂದಲೇ ಈ ತಿನಿಸು ಚೀನೀ ಕೇರಿಯಿಂದ ಹೊರಬಂದು ಇಡೀ ನಗರದ್ದಾಯಿತು. ತೇ ಕಾಕ್ ಸೀ ದೇವಾಲಯದ ಪಕ್ಕದ ಲೊಂಬೋಕ್ ಓಣಿಯ ಹಳೆಯ ಅಂಗಡಿಗೆ ಈಗಲೂ ಜನ ಹುಡುಕಿಕೊಂಡು ಬರುತ್ತಾರೆ. 2014ರಲ್ಲಿ ಇಂಡೊನೇಷ್ಯಾ ಸರ್ಕಾರವು ಸೆಮರಾಂಗ್ ಲುಂಪಿಯಾವನ್ನು ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಮುಳ್ಳನ್ನು ಮೆತ್ತಗಾಗಿಸಿದ ಉಪಾಯ

ಎರಡನೆಯದು ಬಂಡೆಂಗ್ ಪ್ರೆಸ್ತೋ. ಬಂಡೆಂಗ್ ಎಂದರೆ ಕರ್ನಾಟಕದ ಕರಾವಳಿಯಲ್ಲಿ ಹೂಮೀನೆಂದು ಕರೆಯಲ್ಪಡುವ ಮೀನು. ಜಾವಾದ ಉತ್ತರ ಕರಾವಳಿಯ ಚೌಳು ನೀರಿನ ಹೊಂಡಗಳಲ್ಲಿ ಇದನ್ನು ಬಹುಕಾಲದಿಂದ ಸಾಕಲಾಗುತ್ತಿದೆ. ರುಚಿಯಲ್ಲಿ ಉತ್ತಮವಾದರೂ ದೇಹದ ತುಂಬ ಕೂದಲೆಳೆಯಂಥ ಮುಳ್ಳುಗಳಿರುವುದರಿಂದ ಮಕ್ಕಳಿಗೂ ವೃದ್ಧರಿಗೂ ಇದನ್ನು ಬಡಿಸಲು ಗೃಹಿಣಿಯರು ಹಿಂಜರಿಯುತ್ತಿದ್ದರು.

ಇದಕ್ಕೆ ಕಂಡುಕೊಂಡ ಪರಿಹಾರ ಅತಿ ಸರಳ. ಮೀನನ್ನು ಶುಚಿಗೊಳಿಸಿ, ಅರಿಶಿನ, ಬೆಳ್ಳುಳ್ಳಿ, ಉಪ್ಪು ಸವರಿ, ಬಾಳೆಯೆಲೆಯ ಮೇಲಿಟ್ಟು ದೊಡ್ಡ ಪ್ರೆಷರ್ ಕುಕ್ಕರ್‌ನಲ್ಲಿ ದೀರ್ಘಕಾಲ ಬೇಯಿಸಲಾಗುತ್ತದೆ. ಆಗ ಮೀನಿನ ಆಕಾರ ಕೆಡದೆ ಮುಳ್ಳುಗಳು ಮಾತ್ರ ಅಗಿದು ನುಂಗುವಷ್ಟು ಮೆತ್ತಗಾಗುತ್ತವೆ. ಮನೆಯಲ್ಲಿ ಬಳಕೆಯಲ್ಲಿರುವ ಉಪಕರಣವೊಂದನ್ನು ದೊಡ್ಡ ಪ್ರಮಾಣದಲ್ಲಿ ಉಪಯೋಗಿಸಿದ್ದೇ ಈ ಉದ್ಯಮದ ಮೂಲ. ಪಾಟಿ ಜಿಲ್ಲೆಯ ಜುವಾನಾ ಪಟ್ಟಣದ ಹೆಸರನ್ನು ಹೊತ್ತ ಪ್ರಸಿದ್ಧ ಅಂಗಡಿಯೊಂದು 1981ರಲ್ಲಿ ಪಂಡನಾರನ್ ರಸ್ತೆಯಲ್ಲಿ ಆರಂಭವಾಯಿತು. ಬೇಯಿಸಿದ ಮೀನು ಹಾಗೆಯೇ ಇಟ್ಟರೆ ಕೆಲವೇ ದಿನ ಬಾಳುತ್ತದೆ. ಗಾಳಿ ತೆಗೆದ ಪೊಟ್ಟಣ ಬಂದ ಮೇಲೆ ಅದು ದೂರದ ಊರುಗಳಿಗೂ ಪಯಣಿಸಲು ಸಾಧ್ಯವಾಯಿತು.

ರೈಲಿನ ಗುರುತು

ಇಂಡೊನೇಷ್ಯಾದ ಮೊದಲ ರೈಲು ಮಾರ್ಗ 1867ರ ಆಗಸ್ಟ್ 10ರಂದು ಸೆಮರಾಂಗಿನಿಂದ ತಾಂಗ್ಗುಂಗ್ ಎಂಬ ಊರಿನವರೆಗೆ ತೆರೆಯಿತು. ಆ ರೈಲಿನ ಗುರುತು ನಗರದ ಎರಡು ತಿನಿಸುಗಳ ಮೇಲೆ ಉಳಿದಿದೆ.

ವಿಂಗ್ಕೋ ಬಾಬಾತ್ ಎಂಬುದು ಅಂಟಕ್ಕಿ ಹಿಟ್ಟು, ತುರಿದ ತೆಂಗಿನಕಾಯಿ ಮತ್ತು ಸಕ್ಕರೆಯಿಂದ ತಯಾರಿಸಿ ಒಲೆಯಲ್ಲಿ ಸುಟ್ಟ ಬಿಲ್ಲೆ. ಹೆಸರೇ ಸೂಚಿಸುವಂತೆ ಇದರ ತವರು ಪೂರ್ವ ಜಾವಾದ ಬಾಬಾತ್ ಪಟ್ಟಣ. ಯುದ್ಧಕಾಲವಾದ 1940ರ ದಶಕದಲ್ಲಿ ಅಲ್ಲಿಂದ ಸೆಮರಾಂಗಿಗೆ ವಲಸೆ ಬಂದ ಲೋ ಲಾನ್ ಹ್ವಾ ಎಂಬ ಮಹಿಳೆ ಮನೆಯಲ್ಲಿ ಇದನ್ನು ಮಾಡಿ ತಾವಾಂಗ್ ರೈಲು ನಿಲ್ದಾಣದಲ್ಲಿ ಮಾರಾಟಕ್ಕಿಟ್ಟರು. ರೈಲಿನ ಚಿತ್ರವೇ ಅವರ ವ್ಯಾಪಾರಮುದ್ರೆಯಾಯಿತು. ಓದಲು ಬಾರದವರೂ ಕಣ್ಣಿನಿಂದಲೇ ಗುರುತಿಸಿ ಕೇಳಬಹುದಾದ ಚಿಹ್ನೆಯದು. ಹೀಗೆ ಬೇರೆ ಊರಿನ ತಿನಿಸೊಂದು ಸೆಮರಾಂಗಿನ ತಿನಿಸೆಂದೇ ಹೆಸರಾಯಿತು. ತವರಿಗಿಂತ ನಿಲ್ದಾಣವೇ ಅದಕ್ಕೆ ಹೆಚ್ಚು ಕೀರ್ತಿ ತಂದಿತು.

ಇನ್ನೊಂದು ಗಾಂಜೆಲ್ ರೆಲ್. ದಾಲ್ಚಿನ್ನಿ, ತಾಳೆಬೆಲ್ಲ ಸೇರಿಸಿ, ಮೇಲೆ ಎಳ್ಳು ಉದುರಿಸಿ ಮಾಡುವ ಕಂದುಬಣ್ಣದ ಗಟ್ಟಿ ಬ್ರೆಡ್ ಇದು. ಹಳಿಯ ಕೆಳಗಿನ ಮರದ ದಿಮ್ಮಿಯನ್ನು ಹೋಲುವುದರಿಂದ ಈ ಹೆಸರು. ರಂಜಾನ್ ಮಾಸಕ್ಕೆ ಮುನ್ನ ನಡೆಯುವ ದುಗ್ದೇರಾನ್ ಉತ್ಸವದ ತಿನಿಸೆಂದು ಇದು ಪ್ರಸಿದ್ಧ.

ಅಲ್ಲಿಯೇ ತಿನ್ನಬೇಕಾದವು

ಎಲ್ಲ ರುಚಿಯನ್ನೂ ಪೊಟ್ಟಣ ಕಟ್ಟಲಾಗದು. ತಾಹು ಗಿಂಬಾಲ್ ಅಂಥದ್ದು. ಕರಿದ ಸೋಯಾ ಗಿಣ್ಣು, ಅಚ್ಚಿನ ಅನ್ನ, ಕೋಸು, ಮೊಳಕೆ ಕಾಳು ಮತ್ತು ಸೀಗಡಿ ಬೋಂಡಾಗಳನ್ನು ತಟ್ಟೆಗೆ ಹಾಕಿ, ಗಿರಾಕಿಯ ಎದುರಿಗೇ ಅರೆದ ಕಡಲೆಕಾಯಿ ಗೊಜ್ಜನ್ನು ಸುರಿಯುತ್ತಾರೆ. ಒಳಗೆ ಟೊಳ್ಳಾಗಿ ಉಬ್ಬಿದ ಸೋಯಾ ಗಿಣ್ಣಿನ ತಾಹು ಪೊಂಗ್ ಕೂಡ ಬಿಸಿಯಿರುವಾಗಲೇ ಚೆನ್ನ. ನೂಡಲ್ಸ್, ಅಚ್ಚಿನ ಅನ್ನ, ಮೊಳಕೆ ಕಾಳಿಗೆ ಬೆಳ್ಳುಳ್ಳಿ ನೀರು ಬೆರೆಸಿ, ಅಕ್ಕಿಯ ಹಪ್ಪಳವನ್ನು ಪುಡಿಮಾಡಿ ಹಾಕುವ ಮೀ ಕೊಪ್ಯೋಕ್ ಹಗುರವಾದ ಮಧ್ಯಾಹ್ನದ ಊಟ. ತೆಂಗಿನಹಾಲಿನಲ್ಲಿ ಬೆಂದ ಕೋಳಿಯನ್ನು ಬಾಳೆಯೆಲೆಯ ಮೇಲಿನ ಅನ್ನಕ್ಕೆ ಬಡಿಸುವ ನಾಸಿ ಆಯಾಮ್ ರಾತ್ರಿಯ ಬೀದಿಯಂಗಡಿಗಳಲ್ಲಿ ದೊರೆಯುತ್ತದೆ.

ಸಸ್ಯಾಹಾರಿಗಳು ಒಂದು ಅಂಶವನ್ನು ನೆನಪಿಡುವುದೊಳಿತು. ಸೋಯಾ ಗಿಣ್ಣಿನ ಗೊಜ್ಜುಗಳಿಗೆ ‘ಪೆತಿಸ್’ ಎಂಬ ಸೀಗಡಿಯ ಕಪ್ಪು ಪಾಕವನ್ನು ಸೇರಿಸುವುದು ವಾಡಿಕೆ. ನಾಸಿ ಆಯಾಮ್ ಜೊತೆಗಿನ ಪಲ್ಯದಲ್ಲಿ ದನದ ಚರ್ಮದ ತುಂಡುಗಳಿರುತ್ತವೆ. ಮೊದಲೇ ವಿಚಾರಿಸಿಕೊಳ್ಳಬೇಕು.

ಭಾರತೀಯರಿಗೆ ವಿಶೇಷವೆನಿಸುವ ಸ್ಥಳ ಪೆಕೋಜಾನ್. ಗುಜರಾತಿನ ಮುಸ್ಲಿಂ ವರ್ತಕರು ನೆಲೆಸಿದ್ದ ಈ ಕೇರಿಯ ಜಾಮಿ ಮಸೀದಿಯಲ್ಲಿ ರಂಜಾನ್ ತಿಂಗಳಿನಲ್ಲಿ ‘ಬುಬುರ್ ಇಂಡಿಯಾ’, ಅಂದರೆ ಭಾರತದ ಗಂಜಿ, ಎಂಬ ಅಡುಗೆ ನಡೆಯುತ್ತದೆ. ಅಕ್ಕಿ, ತೆಂಗಿನಹಾಲು, ದಾಲ್ಚಿನ್ನಿ, ಶುಂಠಿ, ನಿಂಬೆಹುಲ್ಲು ಹಾಕಿ ಗಂಟೆಗಟ್ಟಲೆ ಕಾಯಿಸಿದ ಈ ಗಂಜಿಯನ್ನು ಉಪವಾಸ ಮುರಿಯಲು ಬಂದವರಿಗೆಲ್ಲ ಉಚಿತವಾಗಿ ಹಂಚಲಾಗುತ್ತದೆ. ವರ್ತಕರ ವ್ಯವಹಾರ ಎಂದೋ ಮುಗಿಯಿತು. ಅವರ ಗಂಜಿ ಉಳಿಯಿತು.

ಮುಂದಿರುವ ಸವಾಲುಗಳು

ಈ ವ್ಯಾಪಾರ ಈಗ ನಿಶ್ಚಿಂತವಾಗಿಲ್ಲ. ಮೊದಲನೆಯದಾಗಿ, 2018ರ ಡಿಸೆಂಬರ್‌ನಲ್ಲಿ ಜಕಾರ್ತಾ ಮತ್ತು ಸುರಬಾಯಾ ನಡುವಿನ ಸುಂಕದ ಹೆದ್ದಾರಿ ಪೂರ್ಣಗೊಂಡಿತು. ನಗರದೊಳಕ್ಕೆ ಬಾರದೆ ಮುಂದೆ ಸಾಗುವ ಅನುಕೂಲ ವಾಹನಗಳಿಗೆ ದೊರೆಯಿತು. ದಾರಿಹೋಕರನ್ನೇ ನಂಬಿದ ಊರಿಗೆ ದಾರಿಯೇ ಬದಲಾಗುವುದು ಸಣ್ಣ ವಿಷಯವಲ್ಲ.

ಎರಡನೆಯದಾಗಿ, ಉತ್ತರ ಸೆಮರಾಂಗಿನ ನೆಲ ಕುಸಿಯುತ್ತಿದೆ. ಕೆಲವು ಭಾಗಗಳಲ್ಲಿ ವರ್ಷಕ್ಕೆ 10 ಸೆಂಟಿಮೀಟರಿನಷ್ಟು ಕುಸಿತ ದಾಖಲಾಗಿದೆ. ಭರತದ ನೀರು ಬೀದಿಗಳಿಗೆ ನುಗ್ಗುತ್ತದೆ. ನೆರೆಯ ದೆಮಾಕ್ ಜಿಲ್ಲೆಯ ಸಾಯುಂಗ್ ಪ್ರದೇಶದಲ್ಲಿ ಮೀನುಹೊಂಡಗಳು ಸಮುದ್ರದ ಪಾಲಾಗಿವೆ. ಕಚ್ಚಾ ಪದಾರ್ಥದ ನೆಲೆಯೇ ಅಳಿದರೆ ಪ್ರಖ್ಯಾತ ಹೆಸರಿನಿಂದ ಫಲವೇನು?

ಮೂರನೆಯದು ಕಾಯಿದೆ. 2014ರ ಹಲಾಲ್ ಉತ್ಪನ್ನ ಕಾಯಿದೆಯಂತೆ ಮಧ್ಯಮ ಹಾಗೂ ದೊಡ್ಡ ಆಹಾರೋದ್ಯಮಗಳಿಗೆ 2024ರ ಅಕ್ಟೋಬರ್ 17ರಿಂದ ಪ್ರಮಾಣಪತ್ರ ಕಡ್ಡಾಯವಾಯಿತು. ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ 2026ರ ಅಕ್ಟೋಬರ್ 17ರ ಗಡುವು ನಿಗದಿಯಾಯಿತು. ಆಮದಾಗುವ ಆಹಾರ ಪದಾರ್ಥಗಳಿಗೂ ಈ ಕಾಯಿದೆ ಅನ್ವಯಿಸುವುದರಿಂದ ಆ ದೇಶಕ್ಕೆ ಮಸಾಲೆ ಅಥವಾ ಸಂಸ್ಕರಿತ ಆಹಾರ ಕಳುಹಿಸುವ ಭಾರತೀಯ ರಫ್ತುದಾರರು ಸಹ ಇದನ್ನು ಗಮನಿಸತಕ್ಕದ್ದು.

ಹೆಸರೊಂದೇ ರಕ್ಷೆಯಲ್ಲ ಎಂಬುದಕ್ಕೂ ಇದೇ ನಗರ ಸಾಕ್ಷಿ. 1919ರಲ್ಲಿ ಇಲ್ಲಿ ಆರಂಭವಾಗಿ ದೇಶದಾದ್ಯಂತ ಮನೆಮಾತಾಗಿದ್ದ ಞೋನ್ಯಾ ಮೆನೇರ್ ಎಂಬ ಗಿಡಮೂಲಿಕೆ ಪಾನೀಯಗಳ ಸಂಸ್ಥೆಯನ್ನು, ಸಾಲ ತೀರಿಸಲಾಗದ ಕಾರಣ, ಸೆಮರಾಂಗಿನ ವಾಣಿಜ್ಯ ನ್ಯಾಯಾಲಯವು 2017ರ ಆಗಸ್ಟ್‌ನಲ್ಲಿ ದಿವಾಳಿಯೆಂದು ಘೋಷಿಸಿತು. ಗಿರಾಕಿಯ ವಿಶ್ವಾಸ ಗಳಿಸುವುದು ಒಂದು ಕೆಲಸ. ಲೆಕ್ಕಪುಸ್ತಕವನ್ನು ಸರಿಯಾಗಿ ನಡೆಸುವುದು ಮತ್ತೊಂದು.

ಸೆಮರಾಂಗಿಗೆ ಹೋಗುವವರು ಬೆಳಿಗ್ಗೆ ಲೊಂಬೋಕ್ ಓಣಿ, ಸಂಜೆ ಪಂಡನಾರನ್ ರಸ್ತೆ, ರಾತ್ರಿ ತಾಹು ಗಿಂಬಾಲ್ ಅಂಗಡಿ ಎಂದು ಒಂದು ದಿನವನ್ನು ಮೀಸಲಿಟ್ಟರೆ ಸಾಕು. ತಿನ್ನುವುದರ ಜೊತೆಗೆ ಪೊಟ್ಟಣದ ಮೇಲಿನ ಮುದ್ರೆ, ದಿನಾಂಕ, ಕಟ್ಟಿದ ಬಗೆಯನ್ನೂ ಗಮನಿಸಬೇಕು. ಎಳೆಬಿದಿರು, ಮುಳ್ಳಿನ ಮೀನು, ತೆಂಗಿನ ತುರಿ ಇವುಗಳಲ್ಲಿ ಯಾವುದೂ ದುಬಾರಿ ಪದಾರ್ಥವಲ್ಲ. ಗಿರಾಕಿಯ ತೊಂದರೆಯೇನೆಂದು ತಿಳಿದು ಅದನ್ನು ನಿವಾರಿಸಿದ್ದೇ ಅವುಗಳಿಗೆ ಬೆಲೆ ತಂದಿತು. ಸಣ್ಣ ತಯಾರಕರು ಅಲ್ಲಿಂದ ಹೊತ್ತುತರಬಹುದಾದ ಓಲೆ-ಓಲೆ ಇದೇ.