ಬೆಂಕಿ ಆರಿತು, ಬೂದಿ ಎಲ್ಲಿಗೆ ಹೋಯಿತು?

ಹಾವೇರಿ: ಬೆಂಕಿ ಬಿದ್ದಾಗ ಊರಿಗೆ ಊರೇ ಓಡುತ್ತದೆ. ಬೆಂಕಿ ಆರಿದ ಮೇಲೆ ಎಲ್ಲರೂ ಮನೆಗೆ ಹೋಗುತ್ತಾರೆ. ಹದಿನೈದು ದಿನ ಬಿಟ್ಟು ಗುಡುಗು ಮಿಂಚಿನ ಜೊತೆ ಮೊದಲ ಮಳೆ ಬರುತ್ತದೆ. ಸುಟ್ಟ ನೆಲದ ಬೂದಿಯೆಲ್ಲ ಹಳ್ಳ ಹಿಡಿಯುತ್ತದೆ. ಆ ಹೊತ್ತಿಗೆ ಹಳ್ಳದ ದಂಡೆಯ ಮೇಲೆ ಬಾಟಲಿ ಹಿಡಿದು ನಿಂತವರು ಯಾರು? ಯಾರೂ ಇಲ್ಲ. ಇದೇ ಇಂದಿನ ಪ್ರಶ್ನೆ.

"ಬೂದಿ ಅಂದ್ರ ಏನ್ರೀ, ನಮ್ಮ ಅಜ್ಜಿ ಅದರಾಗ ಪಾತ್ರೆ ತಿಕ್ಕತಿದ್ಲು" ಎನ್ನುವವರುಂಟು. ಮಾತು ಸುಳ್ಳಲ್ಲ. ಕಟ್ಟಿಗೆ ಬೂದಿಯಲ್ಲಿ ಕ್ಷಾರ ಇರುವುದರಿಂದಲೇ ಪಾತ್ರೆಯ ಜಿಡ್ಡು ಬಿಡುತ್ತದೆ. ಆದರೆ ಹಿಡಿ ಬೂದಿ ಬೇರೆ, ಎಕರೆಗಟ್ಟಲೆ ಬೂದಿ ಬೇರೆ. ಅದು ಒಂದೇ ಸಲ ಕೆರೆಗೆ ಇಳಿದರೆ ನೀರಿನ ಕ್ಷಾರ ಏರುತ್ತದೆ. ಬೂದಿಯ ರಂಜಕ ಸೇರಿ ಪಾಚಿ ಬೆಳೆಯುತ್ತದೆ. ಪಾಚಿ ಕೊಳೆತರೆ ನೀರಿನೊಳಗಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಹುಲ್ಲು, ಬೇರು ಸುಟ್ಟು ಹೋದ ನೆಲಕ್ಕೆ ಮಣ್ಣು ಹಿಡಿದಿಡುವ ಶಕ್ತಿ ಇರದು. ನೀರು ಇಂಗದೆ ಮೇಲೆಯೇ ಓಡಿ, ಮಣ್ಣನ್ನೂ ಎಳೆದುಕೊಂಡು ರಾಡಿಯಾಗಿ ಬರುತ್ತದೆ.

ಜಿಂಕೆ ಕಾಡಿನ ಮಗ್ಗುಲಲ್ಲಿ

ರಾಣೇಬೆನ್ನೂರಿನವರಿಗೆ ಇದು ದೂರದ ಮಾತಲ್ಲ. ಕೃಷ್ಣಮೃಗಕ್ಕೆಂದು 1974ರಲ್ಲಿ ಘೋಷಣೆಯಾದ ಅಭಯಾರಣ್ಯ ಊರ ಮಗ್ಗುಲಲ್ಲೇ ಇದೆ. ವಿಸ್ತಾರ 119 ಚದರ ಕಿಲೋಮೀಟರ್. ಬಹುಪಾಲು ನೀಲಗಿರಿ ನೆಡುತೋಪು, ನಡುವೆ ಹುಲ್ಲುಗಾವಲು. ನೀಲಗಿರಿ ಎಲೆಯಲ್ಲಿ ಎಣ್ಣೆ ಇದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ತರಗು ಒಣಗಿ ಬಿದ್ದಿರುತ್ತದೆ. ಬೀಡಿ ಸೇದಿ ಎಸೆದ ಒಂದು ತುಂಡು ಸಾಕು. ಅಲ್ಲಿ ಸುಟ್ಟದ್ದು ಮಳೆಗಾಲದಲ್ಲಿ ತಗ್ಗಿನ ಕಟ್ಟೆ, ಕೆರೆಗಳಿಗೇ ಬರಬೇಕು. ದನಕರು ಕುಡಿಯುವುದೂ ಅದೇ ನೀರು, ಜಿಂಕೆ ಕುಡಿಯುವುದೂ ಅದೇ ನೀರು.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಹೋಯಿತು. ಎಕರೆಯ ಲೆಕ್ಕ ಬಸ್ಸಿನಲ್ಲಿ ಕೂತವರ ಬಾಯಿಗೂ ಬಂತು. ಮೊದಲ ಮಳೆಯ ನೀರಿನ ಲೆಕ್ಕ ಕೇಳಿದವರು ಎಷ್ಟು ಜನ?

ಪೇಟೆಯ ಬೆಂಕಿ ಬೇರೆ

ಕಾಡಿನ ಬೂದಿಗಿಂತ ಪೇಟೆಯ ಬೂದಿ ಕೆಟ್ಟದ್ದು. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದ ಸಿಟ್ಟಿಗೆ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. 2023ರ ಆಗಸ್ಟ್‌ನಲ್ಲಿ ಹಾವೇರಿ ಬಳಿಯ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮು ಹೊತ್ತಿ ಜೀವಗಳೇ ಹೋದವು. ಗಾಡಿ ಸುಟ್ಟರೆ ಟಯರು, ಬ್ಯಾಟರಿ, ವೈರು ಎಲ್ಲ ಸುಡುತ್ತವೆ. ಉಳಿಯುವ ಕಪ್ಪಿನಲ್ಲಿ ಸತು, ತಾಮ್ರ, ಸೀಸ ಇರುತ್ತವೆ. ಪಟಾಕಿ ಮದ್ದಿನಲ್ಲಿ ಪೆಟ್ಲುಪ್ಪು, ಬೇರಿಯಂ ಲವಣಗಳಿರುತ್ತವೆ. ನಮ್ಮ ಬೀದಿ ಬದಿಯ ಕಸದ ಗುಡ್ಡೆಗೆ ಹಚ್ಚುವ ಬೆಂಕಿ, ಹೊಲದ ಬದುವಿನಲ್ಲಿ ಸುಡುವ ಔಷಧದ ಡಬ್ಬಿ, ಇವೂ ಅದೇ ಜಾತಿಯವು. ಮಳೆ ಬಂದರೆ ಎಲ್ಲದಕ್ಕೂ ದಾರಿ ಒಂದೇ: ಗಟಾರ, ಹಳ್ಳ, ಕೆರೆ, ಹೊಳೆ.

ಹೊಳೆಯೆಂದರೆ ಯಾವುದು? ವರದೆ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುತ್ತಾಳೆ. ಕುಮುದ್ವತಿ ಮುದೇನೂರಿನ ಬಳಿ. ಹಾವೇರಿ, ರಾಣೇಬೆನ್ನೂರಿನ ನಳಕ್ಕೆ ಬರುವುದು ಅದೇ ತುಂಗಭದ್ರೆ ನೀರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2018ರ ನವೆಂಬರ್‌ನಲ್ಲಿ ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು. ಬೆಂಕಿ ಆರಿದ ಮೇಲೆ ನಳದ ನೀರು ಪರೀಕ್ಷಿಸಿದಾಗ ಬೆಂಜೀನ್ ಎಂಬ ವಿಷ ಸಿಕ್ಕಿತು. ಕಣ್ಣಿಗೆ ಕಾಣದ ಇಂಥದ್ದು ಪರೀಕ್ಷೆ ಮಾಡಿದ್ದರಿಂದ ಗೊತ್ತಾಯಿತು.

ಮಾಡಬೇಕಾದ್ದೇನು?

ಕೆಲಸ ದೊಡ್ಡದಲ್ಲ, ಹೊತ್ತು ತಪ್ಪಬಾರದು ಅಷ್ಟೆ. ಹೆಚ್ಚಿನ ಹೊಲಸು ಹೊತ್ತು ತರುವುದು ಮೊದಲ ಮಳೆಯ ಮೊದಲ ನೀರು. ಮೂರನೆಯ ದಿನ ಹೋಗಿ ಬಾಟಲಿ ತುಂಬಿದರೆ ಕಳ್ಳ ಹೋದ ಮೇಲೆ ಕದ ಹಾಕಿದಂತೆ. ಮಳೆಗೆ ಮುಂಚೆ ಒಂದು ಸಲ, ಮೊದಲ ಮಳೆಯಲ್ಲಿ ಒಂದು ಸಲ, ನಾಲ್ಕಾರು ಮಳೆಯಾದ ಮೇಲೆ ಒಂದು ಸಲ ನೀರು ಹಿಡಿಯಬೇಕು. ಸುಟ್ಟ ಜಾಗದ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು. ಆಗಲೇ ಹೋಲಿಕೆ ಸಿಗುವುದು. ಬಾಟಲಿಯ ಮೇಲೆ ಜಾಗ, ತಾರೀಖು, ಗಂಟೆ ಬರೆದು, ತಂಪಿನಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು.

ಕುಡಿಯುವ ನೀರಿನ ಭಾರತೀಯ ಮಾನದಂಡ ಸ್ಪಷ್ಟವಿದೆ. ಪಿಎಚ್ 6.5ರಿಂದ 8.5ರೊಳಗಿರಬೇಕು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಸೀಸ 0.01 ಮಿಲಿಗ್ರಾಂ ದಾಟಬಾರದು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯಡಿ ಹಳ್ಳಿಗಳಿಗೆ ಪರೀಕ್ಷಾ ಕಿಟ್ ಕೊಟ್ಟು, ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಏರ್ಪಾಡಿದೆ. ಆ ಕಿಟ್‌ನಲ್ಲಿ ಪಿಎಚ್, ರಾಡಿ, ನೈಟ್ರೇಟ್ ನೋಡಬಹುದು. ಸೀಸಕ್ಕೆ ಮಾತ್ರ ಪ್ರಯೋಗಾಲಯವೇ ಬೇಕು.

"ಕಾಯಿಸಿ ಕುಡದ್ರ ಆತಲ್ರೀ?" ಎಂದರೆ, ಆಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಸೀಸ ಸಾಯುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ.

ಕಾಡು ಅರಣ್ಯ ಇಲಾಖೆಯದು, ಗಟಾರ ನಗರಸಭೆಯದು, ಕೆರೆ ಪಂಚಾಯಿತಿಯದು ಎಂದು ಹಂಚಿಕೊಂಡರೆ ನೀರು ಯಾರದು? ಈ ಬೇಸಿಗೆಯಲ್ಲಿ ಎಲ್ಲಿ ಬೆಂಕಿ ಬಿದ್ದಿತ್ತೆಂದು ಒಂದು ಪಟ್ಟಿ, ಪ್ರತಿ ಜಾಗಕ್ಕೂ ಒಬ್ಬ ಹೊಣೆಗಾರ, ಆರು ಬಾಟಲಿ. ಇಷ್ಟೇ ಬೇಕಾದದ್ದು. ರೋಹಿಣಿ ಮಳೆ ಯಾವ ಇಲಾಖೆಯ ಸಭೆಗೂ ಕಾಯುವುದಿಲ್ಲ.