ಪೊಟೊಸಿಯ ಬೆಳ್ಳಿಬೆಟ್ಟ ಮತ್ತು ಸರದಿಯ ಬಿಟ್ಟಿ ದುಡಿಮೆ

ಇಂದಿನ ಬೊಲಿವಿಯಾದಲ್ಲಿ ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿರುವ ಪೊಟೊಸಿಯ ಬೆಟ್ಟದಲ್ಲಿ 1545ರಲ್ಲಿ ಸ್ಪೇನಿನವರಿಗೆ ಬೆಳ್ಳಿಯ ನಿಕ್ಷೇಪ ದೊರೆಯಿತು. ಮೇಲ್ಪದರದ ಶ್ರೀಮಂತ ಅದಿರನ್ನು ಕರಗಿಸಲು ಮೂಲನಿವಾಸಿಗಳ ಗಾಳಿಕುಲುಮೆಗಳೇ ಸಾಕಾಗಿದ್ದವು. ಆದರೆ ಆ ಅದಿರು ಮುಗಿಯುತ್ತ ಬಂದು, ಕೆಳದರ್ಜೆಯ ಅದಿರಿನಿಂದ ಪಾದರಸದ ನೆರವಿನಲ್ಲಿ ಬೆಳ್ಳಿಯನ್ನು ಬೇರ್ಪಡಿಸುವ ವಿಧಾನ 1570ರ ದಶಕದಲ್ಲಿ ಬಳಕೆಗೆ ಬಂದಾಗ, ಆಳವಾಗಿ ಅಗೆಯುವುದಕ್ಕೂ ಅದಿರು ಹೊತ್ತು ಮೇಲೇರುವುದಕ್ಕೂ ಸಾವಿರಾರು ಆಳುಗಳು ಬೇಕಾದರು.

ಈ ಬೇಡಿಕೆಯನ್ನು ಪೂರೈಸಲು ಪೆರುವಿನ ವೈಸರಾಯ್ ಫ್ರಾನ್ಸಿಸ್ಕೊ ದ ತೊಲೆದೊ ರೂಪಿಸಿದ ವ್ಯವಸ್ಥೆಯೇ 'ಮಿತಾ'. ಕೆಚುವಾ ಭಾಷೆಯಲ್ಲಿ ಸರದಿ ಎಂಬ ಅರ್ಥವುಳ್ಳ ಈ ಪದ ಇಂಕಾ ಆಳ್ವಿಕೆಯ ಕಾಲದಿಂದ ಬಂದದ್ದು. ಆಗಲೂ ಪ್ರಜೆಗಳು ಸರದಿಯಂತೆ ರಾಜ್ಯಕ್ಕೆ ದುಡಿಯಬೇಕಿತ್ತಾದರೂ, ದುಡಿಯುವವರಿಗೆ ಅನ್ನಪಾನಗಳನ್ನು ಒದಗಿಸುವ ಹೊಣೆ ರಾಜ್ಯದ ಮೇಲಿತ್ತು. ತೊಲೆದೊ ಹೆಸರನ್ನು ಉಳಿಸಿಕೊಂಡು ಆ ಹೊಣೆಯನ್ನು ಕೈಬಿಟ್ಟನು. ನಿಗದಿತ ಪ್ರಾಂತ್ಯಗಳ 18ರಿಂದ 50 ವರ್ಷದೊಳಗಿನ ಪುರುಷರಲ್ಲಿ ಸುಮಾರು ಏಳರಲ್ಲೊಬ್ಬರಂತೆ, ವರ್ಷಕ್ಕೆ ಅಂದಾಜು 13,500 ಮಂದಿ ಪೊಟೊಸಿಗೆ ಹೋಗಬೇಕಾಯಿತು. ಕುಸ್ಕೊ ಸೀಮೆಯಷ್ಟು ದೂರದಿಂದ ಹೆಂಡತಿ ಮಕ್ಕಳೊಡನೆ, ಲಾಮಾಗಳ ಮೇಲೆ ಆಹಾರಧಾನ್ಯ ಹೇರಿಕೊಂಡು ವಾರಗಟ್ಟಲೆ ನಡೆದು ಬಂದವರಿಗೆ ಕೂಲಿ ಗೊತ್ತುಪಡಿಸಲಾಗಿತ್ತೆಂಬುದು ನಿಜ. ಅದು ಊಟದ ಖರ್ಚಿಗೂ ಸಾಲುತ್ತಿರಲಿಲ್ಲವಾದ್ದರಿಂದ, ಕಾಗದದ ಮೇಲೆ ಏನೇ ಬರೆದಿದ್ದರೂ ಇದನ್ನು ಬಿಟ್ಟಿ ಚಾಕರಿಯೆಂದೇ ಕರೆಯಬೇಕು.

ದುಡಿಮೆಯ ಜೊತೆಗೇ ತಲೆಗಂದಾಯವೂ ಇತ್ತು. ಕಾಣಿಕೆಯಾಗಿ ಧಾನ್ಯ, ಬಟ್ಟೆಗಳನ್ನು ಕೊಡುತ್ತಿದ್ದ ಹಳ್ಳಿಗಳಿಂದ ಕ್ರಮೇಣ ಬೆಳ್ಳಿಯ ನಾಣ್ಯವನ್ನೇ ಕೇಳಲಾಯಿತು. ನಾಣ್ಯ ಬೇಕೆಂದರೆ ಕೂಲಿಗೆ ಹೋಗದೆ ಬೇರೆ ದಾರಿ ಇರಲಿಲ್ಲ. ತಮ್ಮ ಭೂಮಿಯ ಹಕ್ಕನ್ನೇ ಬಿಟ್ಟು ಊರಿನಿಂದ ಓಡಿಹೋದವರು 'ಫೊರಸ್ತೆರೊ', ಅಂದರೆ ಪರಸ್ಥಳದವರು ಎನಿಸಿಕೊಂಡು ಮಿತಾದಿಂದ ಪಾರಾಗುತ್ತಿದ್ದರು. ಅವರ ಪಾಲು ಊರಲ್ಲಿ ಉಳಿದವರ ಹೆಗಲಿಗೇ ಬೀಳುತ್ತಿತ್ತು, ಏಕೆಂದರೆ ಲೆಕ್ಕ ಹಳೆಯ ಜನಗಣತಿಯದಾಗಿತ್ತು. ಆಳುಗಳ ಸಂಖ್ಯೆ ಕಡಿಮೆಯಾದರೆ 'ಕುರಾಕ' ಎಂಬ ಊರ ಮುಖಂಡನು ಬೆಳ್ಳಿ ತೆತ್ತು ಬದಲಿ ಆಳುಗಳನ್ನು ಒದಗಿಸಬೇಕಿತ್ತು. ಅಂಥ ಕುರಾಕನೇ ಆಗಿದ್ದ ಎರಡನೆಯ ತುಪಾಕ್ ಅಮಾರು ತನ್ನ ಜನರನ್ನು ಮಿತಾದಿಂದ ಮುಕ್ತಗೊಳಿಸುವಂತೆ ಲಿಮಾದಲ್ಲಿ ಸಲ್ಲಿಸಿದ ಅರ್ಜಿ ವಿಫಲವಾಗಿ, 1780ರಲ್ಲಿ ದಂಗೆಯೆದ್ದು, ಮರುವರ್ಷ ಕುಸ್ಕೊದಲ್ಲಿ ಕ್ರೂರವಾಗಿ ಕೊಲ್ಲಲ್ಪಟ್ಟನು.

ಮಿತಾವನ್ನು 1812ರಲ್ಲಿ ಸ್ಪೇನಿನ ಕಾದಿಸ್ ಸಂಸತ್ತು ರದ್ದುಗೊಳಿಸಿತು. ತಲೆಗಂದಾಯ ಮಾತ್ರ ಅಷ್ಟಕ್ಕೇ ತೊಲಗಲಿಲ್ಲ. 1825ರಲ್ಲಿ ಸ್ವತಂತ್ರವಾದ ಬೊಲಿವಿಯಾ ಅದನ್ನು ಬೇರೆ ಹೆಸರಿನಲ್ಲಿ ಅದೇ ಮೂಲನಿವಾಸಿಗಳಿಂದ ಹಲವು ದಶಕಗಳ ಕಾಲ ವಸೂಲು ಮಾಡಿತು.